ಹೋಶಂಗ್ ಮಾಸ್ತರ ಹೊಳೆಯ ಚಿತ್ರ

ಜೋಳ ಕೇರುತ್ತ ಕೂತಿದ್ದೆ. ಮೊರದ ತುದಿಗೆ ಬಂದ ಕಲ್ಲು ಆರಿಸಿ ತಲೆಯೆತ್ತಿದರೆ ಬಾಗಿಲಲ್ಲಿ ಪಕ್ಕೀರಮ್ಮ ನಿಂತಿದ್ದಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮಿಂದ ಎರಡು ಓಣಿ ಆಚೆ, ಇರಾನಿನಿಂದ ಬಂದು ನೆಲೆಸಿದ್ದ ಚಿತ್ರಗಾರ ಹೋಶಂಗ್ ಮಾಸ್ತರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಮಾಸ್ತರು ತೀರಿಕೊಂಡು ಆರೇಳು ತಿಂಗಳಾಗಿತ್ತು.

"ಯಂಕಮ್ಮಕ್ಕಾ, ಸುಂಕಣ್ಣ ಅದಾನೇನು?" ಎಂದಳು. "ನನ್ನ ಕಳ್ಳಿ ಅಂದಾರ."

ಸುಂಕಣ್ಣ ನನ್ನ ಮೈದುನ. ಪೊಲೀಸ್ ನೌಕರಿ ಮುಗಿಸಿ ಮನೆಯಲ್ಲೇ ಇದ್ದ. ಯಾರ ಮನೆಯಲ್ಲಿ ಏನೇ ಕಳೆದರೂ ಜನ ಠಾಣೆಗಿಂತ ಮೊದಲು ನಮ್ಮ ಕಟ್ಟೆಗೆ ಬರುತ್ತಿದ್ದರು. ಹೆಂಗಸರು ಅವನ ಮುಂದೆ ಬಿಚ್ಚದ ಮಾತು ನನ್ನ ಮುಂದೆ ಬಿಚ್ಚುತ್ತಾರೆಂದು ಹೋದಲ್ಲೆಲ್ಲ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ.

ಅದು ಐವತ್ತೊಂದನೇ ಇಸವಿ. ಬಳ್ಳಾರಿ ಇನ್ನೂ ಮದ್ರಾಸಿನ ಕಡೆಗಿತ್ತು. ಮಾಸ್ತರು ತಮ್ಮ ಮನೆಯನ್ನೂ ಎಲ್ಲ ಚಿತ್ರಗಳನ್ನೂ ಕುರುಗೋಡಿನ ವಾಚನಾಲಯಕ್ಕೆ ದಾನ ಬರೆದಿದ್ದರು. ಹಿಂದೊಮ್ಮೆ ಆ ಊರ ಗುಡ್ಡ ಬರೆಯಲು ಹೋಗಿ ಜ್ವರ ಬಂದು ಬಿದ್ದಿದ್ದ ಅವರನ್ನು ಅಲ್ಲಿಯವರು ಗಂಜಿ ಕುಡಿಸಿ ಉಳಿಸಿಕೊಂಡಿದ್ದರಂತೆ. ಆ ಋಣಕ್ಕೆ. ಮನೆಯ ಹಿತ್ತಲ ಕೋಣೆಯಲ್ಲಿ ಪಕ್ಕೀರಮ್ಮ ಬದುಕಿರುವ ತನಕ ಇರಲಿ ಎಂದೂ ಬರೆದಿದ್ದರು.

ಈಗ ನೋಡಿದರೆ, ವಾಚನಾಲಯದ ಅಧ್ಯಕ್ಷ ಜಡೆಪ್ಪನವರು ಸಿರುಗುಪ್ಪದ ಹೊಳೆಯ ಚಿತ್ರದ ಧೂಳು ಒರೆಸುವಾಗ ನೀಲಿ ಬಣ್ಣ ಬಟ್ಟೆಗೆ ಹತ್ತಿತ್ತು. ಏಳೆಂಟು ವರ್ಷದ ಹಿಂದಿನ ಎಣ್ಣೆಬಣ್ಣ ಬಟ್ಟೆಗೆ ಹತ್ತುವುದುಂಟೆ? ಯಾರೋ ಅಸಲು ಚಿತ್ರ ಕದ್ದು ಹೊಸ ನಕಲು ಇಟ್ಟಿದ್ದರು. ಒಳಗಿಂದ ಬಂದ ಸುಂಕಣ್ಣನ ಮುಂದೆ ಪಕ್ಕೀರಮ್ಮ ಇದನ್ನೆಲ್ಲ ಹೇಳಿಕೊಂಡಳು.

"ಮಾಸ್ತರ ಮನಿ ಬೀಗದ ಕೈ ನಿನ್ನ ಹತ್ರ ಇತ್ತು, ಚಿತ್ರ ಒಯ್ಯಬ್ಯಾಡ್ರಿ ಅಂತ ಅತ್ತಾಕಿನೂ ನೀನ, ಅಂತಾರ. ಬರೋ ಸೋಮವಾರ ಕೋಣಿ ಖಾಲಿ ಮಾಡು ಅಂದಾರ. ಕೋಣಿ ಹೋದ್ರ ಹೋಗ್ಲಿ ಸುಂಕಣ್ಣ. ಮಾಸ್ತರ ಮನಿಯಾಗ ಕಳ್ಳಿ ಇದ್ಳು ಅಂತ ಆಗಬಾರದು."

"ನಕಲು ಕಂಡಿಯೇನು ನೀನು?" ಎಂದ ಸುಂಕಣ್ಣ.

"ಕಂಡೆ. ಹೊಳಿ ಅದ. ನೀರು ತುಂಬೋ ಹೆಣ್ಣುಮಗಳೂ ಅಕೀನ. ಕೈ ಮಾತ್ರ ಬ್ಯಾರೆ. ಮುಂಗೈಮ್ಯಾಲೆ ತೊಟ್ಲದ ಹಚ್ಚಿಬೊಟ್ಟು ಬರದಾರ. ದಿನಾ ಒರಸಿದಾಕಿ ನಾನು. ಮೊದ್ಲು ಬರೀ ಬಳಿ ಇದ್ವು."

ಸುಂಕಣ್ಣ ಬೀಡಿ ಹಚ್ಚುವುದನ್ನು ಮರೆತು ಕೂತ.

ಮಾಸ್ತರ ಜಗಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಭಾನುವಾರ ಓಣಿಯ ಮಕ್ಕಳಿಗೆಲ್ಲ ಅಲ್ಲಿ ಬಿಟ್ಟಿ ಪಾಠ. ಹಲ್ಲಲ್ಲಿ ಸಕ್ಕರೆಯ ಹರಳು ಕಚ್ಚಿಕೊಂಡು, ಹಾಲಿಲ್ಲದ ಚಹಾ ಹೀರುತ್ತ ನಡುವೆ ಓಡಾಡುತ್ತಿದ್ದರು. ಒಬ್ಬ ಆಕಳಿಗೆ ನಾಲ್ಕು ಕಾಲು ಬರೆದಿದ್ದ. "ನಿನಗೆ ಎಷ್ಟು ಕಾಣ್ತದೆ?" ಎಂದರು. ಹುಡುಗ ಬಗ್ಗಿ ನೋಡಿ, "ಮೂರ್ರಿ" ಎಂದ. "ಹಾಗಾದ್ರೆ ಮೂರೇ. ಗೊತ್ತಿದ್ದದ್ದು ಬರೀಬೇಡ, ಕಂಡದ್ದು ಬರಿ." ನಾವು ಹೆಂಗಸರು ನೀರಿಗೆ ಹೋಗುವಾಗ ನಿಂತು ನಗುತ್ತಿದ್ದೆವು.

ಮರುದಿನ ಚಿತ್ರಗಳಿಗೆ ಕಟ್ಟು ಹಾಕುವ ಹೊನ್ನೂರಪ್ಪನ ಅಂಗಡಿಗೆ ಹೋದೆವು. ಚಿತ್ರಗಳು ಮಾಸ್ತರ ಮನೆಯಿಂದ ಮೊದಲು ಬಂದದ್ದು ಅಲ್ಲಿಗೇ.

"ಚಿತ್ರ ಬದಲಾದದ್ದು ನಿನಗ ತಿಳೀಲಿಲ್ಲೇನೋ?"

"ನಾ ಚಿತ್ರದ ಮುಖ ನೋಡಾಂಗಿಲ್ರಿ ಸಾಹೇಬ್ರ, ಅಂಚು ನೋಡ್ತೀನಿ," ಎಂದ ಹೊನ್ನೂರಪ್ಪ. "ನನ್ನ ಮುಖಾನೂ ನೋಡಾಂಗಿಲ್ಲ ಅಂತ ನನ್ನ ಹೆಂಡ್ತಿ ಅಂತಾಳ."

ಮಾಸ್ತರ ಹಳೆಯ ಶಿಷ್ಯ, ಸಿರುಗುಪ್ಪದಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ಚಂದ್ರಣ್ಣ ಹೊಳೆಯ ಚಿತ್ರವೂ ಸೇರಿ ನಾಕೈದು ಚಿತ್ರ ಊರಿಗೊಯ್ದು, ಸ್ವಚ್ಛ ಮಾಡಿ ತಂದುಕೊಟ್ಟಿದ್ದನಂತೆ. ಆಮೇಲೆ ಎಲ್ಲವೂ ಗಾಡಿಯಲ್ಲಿ ಜಡೆಪ್ಪನವರ ಮನೆಗೆ ಹೋಗಿ ಒಂದು ತಿಂಗಳು ಅಲ್ಲೇ ಇದ್ದವು. ಹೊನ್ನೂರಪ್ಪ ದನಿ ತಗ್ಗಿಸಿದ. "ಆ ಹೊಳಿ ಚಿತ್ರಾನ ಜಡೆಪ್ಪನೋರು ತಮ್ಮ ಪಡಸಾಲಿಗೆ ಬೇಕಂತ ಕೇಳಿದ್ರು. ಮಾಸ್ತರು ಕೊಡ್ಲಿಲ್ಲ. ಭಾಳ ಬ್ಯಾಸರಾಗಿತ್ತು ಅವ್ರಿಗೆ."

ಕದ್ದವರು ಜಡೆಪ್ಪನವರೇ, ಅಲ್ಲಿಗೆ ಮುಗಿಯಿತು ಎಂದು ನನಗಂತೂ ಅನ್ನಿಸಿತು. ಸುಂಕಣ್ಣ ಮಾತ್ರ ನನ್ನನ್ನೂ ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದ.

ಚಂದ್ರಣ್ಣ ಶಾಲೆಗೆ ಹೋಗಿದ್ದ. ಅವನ ಚಿಕ್ಕಮ್ಮ ಉಚ್ಚೆಂಗೆಮ್ಮ ಮಜ್ಜಿಗೆ ತಂದಳು. ತಂಬಿಗೆ ಚಾಚಿದ ಮುಂಗೈ ಮೇಲೆ, ಮಾಸಿ ಹಸಿರಾದ ಒಂದು ತೊಟ್ಟಿಲಿನ ಹಚ್ಚೆ.

"ಹಚ್ಚಿ ಚೊಲೋ ಐತೆವ್ವಾ," ಎಂದೆ.

"ನಾನೂ ನಮ್ಮಕ್ಕನೂ ಒಂದ ದಿನ ಹಾಕಿಸ್ಕೊಂಡ್ವಿ. ಅಕಿ ಅತ್ತಳು, ನಾ ನಕ್ಕೆ. ಚಂದ್ರಣ್ಣನ ತಾಯಿ ಅಕಿ. ಹೋಗಿ ಮೂರು ವರ್ಷಾತು. ಒಂದು ಫೋಟೋ ಸೈತ ತೆಗಿಸ್ಲಿಲ್ಲ ನೋಡ್ರಿ."

ಬಸ್ಸಿನಲ್ಲಿ ಬರುವಾಗ ಭತ್ತದ ಗದ್ದೆ ನೋಡುತ್ತ ಕೂತಿದ್ದ ಸುಂಕಣ್ಣ ಒಂದೇ ಮಾತು ಹೇಳಿದ. "ಅತ್ತಿಗಿ, ಭಾನುವಾರ ಎಲ್ಲಾರನ್ನೂ ಕುರುಗೋಡಿಗೆ ಕರಸೋಣ."

ವಾಚನಾಲಯದ ಗೋಡೆಯ ತುಂಬ ಮಾಸ್ತರ ಚಿತ್ರಗಳು: ಹತ್ತಿ ಗಾಡಿ, ಗುಡ್ಡ, ಸಿರಿಗೇರಿಯ ಕೂಲಿ ಹೆಂಗಸರು. ನಮ್ಮ ಕಾಲವೇ ಸಾಲಾಗಿ ನಿಂತ ಹಾಗಿತ್ತು. ಜಡೆಪ್ಪ, ಹೊನ್ನೂರಪ್ಪ, ಚಂದ್ರಣ್ಣ ಬೆಂಚಿನ ಮೇಲೆ. ಪಕ್ಕೀರಮ್ಮ ಬಾಗಿಲ ಹತ್ತಿರ ನೆಲದ ಮೇಲೆ.

"ಬಣ್ಣ ಹಸಿ ಐತಿ," ಎಂದು ಸುಂಕಣ್ಣ ನಕಲನ್ನು ತೋರಿಸಿದ. "ಅಂದ್ರ ಬರದದ್ದು ಮಾಸ್ತರು ಹೋದ ಮ್ಯಾಲೆ. ಪಕ್ಕೀರಮ್ಮಗ ಕುಂಚ ಹಿಡಿಯಾಕ ಬರಂಗಿಲ್ಲ. ಅಕಿ ಕದ್ದು ಬ್ಯಾರೆಯವ್ರ ಕಡೆ ಬರಸಿದ್ಳು ಅಂದ್ರ, ಕೈ ಬ್ಯಾರೆ ಐತಿ ಅಂತ ತಾನ ಬಂದು ಯಾಕ ಹೇಳ್ತಾಳ? ಬಾಯಿ ಮುಚ್ಕೊಂಡಿರ್ತಿದ್ಳು."

"ಮತ್ತ ಯಾರು?" ಎಂದರು ಜಡೆಪ್ಪ.

"ನಿಮ್ಮ ಮ್ಯಾಲೂ ಸಂಶಯ ಇತ್ರಿ. ನೀವಾಗ್ಲಿ, ಹೊನ್ನೂರಪ್ಪ ಆಗ್ಲಿ, ರೊಕ್ಕ ಕೊಟ್ಟು ಬರಸಿದ್ರ ಆ ಪೇಂಟರು ಮುಂದಿದ್ದದ್ದನ್ನ ಇದ್ದಂಗ ಇಳಸ್ತಿದ್ದ. ಇಲ್ದ ಹಚ್ಚಿ ಎಲ್ಲಿಂದ ತರ್ತಿದ್ದ? ಮಾಸ್ತರು ದಿಬ್ಬದ ಮ್ಯಾಲೆ ಕೂತು ಬರದಾರ. ಅಲ್ಲಿಂದ ಮುಖ, ಬಳಿ ಕಂಡ್ರೂ ಮಾಸಿದ ಹಚ್ಚಿ ಕಾಣಂಗಿಲ್ಲ, ಕಾಣದ್ದನ್ನ ಅವರು ಬರಿಯವರಲ್ಲ. ನಕಲು ಬರದಾವಗ ಮಾತ್ರ ಆ ಕೈ ಗೊತ್ತಿತ್ತು. ಅಂಥದ ತೊಟ್ಲು ಉಚ್ಚೆಂಗೆಮ್ಮನ ಕೈಮ್ಯಾಲೆ ಐತಿ. ಅಕ್ಕ ತಂಗಿ ಇಬ್ರೂ ಒಂದ ದಿನ ಹಾಕಿಸ್ಕೊಂಡದ್ದು. ಚಿತ್ರದಾಗ ನೀರು ತುಂಬಾಕಿ ಆ ಅಕ್ಕ, ಚಂದ್ರಣ್ಣನ ತಾಯಿ. ಅಸಲು ಚಿತ್ರ ಊರಿಗೆ ಒಯ್ದಾವನೂ ಒಬ್ಬನ. ಚಂದ್ರಣ್ಣ, ಮಾಸ್ತರು ಕಲಿಸಿದ್ದನ್ನ ಅದೊಂದ ಸಲ ಮರತಿ ನೀನು."

ಚಂದ್ರಣ್ಣ ಬೆಂಚಿನಿಂದೆದ್ದು ನಕಲಿನ ಹತ್ತಿರ ಹೋದ.

"ಹಾಕಬೇಕಂತ ಹಾಕಲಿಲ್ರಿ," ಎಂದ. "ಕೈ ಬರೀತಾ ಬರೀತಾ ಕುಂಚ ತಾನ ಅಲ್ಲಿಗೆ ಹೋತು. ನನಗ ಉಣಿಸಿದ ಕೈ ಅದು. ಅವ್ವನ ಮುಖ ಈ ಭೂಮಿ ಮ್ಯಾಲೆ ಇದ್ದದ್ದು ಆ ಚಿತ್ರದಾಗ ಒಂದ."

"ಮತ್ತ ನನ್ನ ಕಳ್ಳಿ ಅಂದಾಗ ಯಾಕ ಸುಮ್ನಿದ್ದಿ?" ಪಕ್ಕೀರಮ್ಮನ ದನಿ ಏರಲಿಲ್ಲ. "ನನ್ನ ಕೈಯಾಗೂ ಉಂಡಿಯಲ್ಲೋ."

"ನಿನ್ನ ಮ್ಯಾಲೆ ಬರ್ತೈತಿ ಅಂತ ತಿಳಿದಿರ್ಲಿಲ್ಲ ಪಕ್ಕೀರಮ್ಮಕ್ಕಾ. ತಿಳಿದ ಮ್ಯಾಲೆ ಬಾಯಿ ಬರ್ಲಿಲ್ಲ."

ಠಾಣೆಗೆ ಹೇಳೋಣವೆಂದು ಜಡೆಪ್ಪ ಎದ್ದರು. ಪಕ್ಕೀರಮ್ಮ ತಡೆದಳು. "ಅಸಲು ತಂದು ಇಲ್ಲಿ ತೂಗು ಹಾಕಲಿ. ನಕಲು ಅವನ ಮನಿಗೆ ಒಯ್ಲಿ. ಅದರಾಗ ಅವನವ್ವ ಇನ್ನೂ ಸರಿ ಅದಾಳ." ಜಡೆಪ್ಪ ಕೂತರು. ಆಮೇಲೆ ಎದ್ದು ಬಾಗಿಲ ತನಕ ಹೋಗಿ, "ತಪ್ಪಾತವ್ವಾ. ಕೋಣಿ ನಿನ್ನದ. ಈ ವಾಚನಾಲಯದ ಇನ್ನೊಂದು ಬೀಗದ ಕೈನೂ ನೀನ ಇಟ್ಕೋ," ಎಂದರು.

ಚಂದ್ರಣ್ಣ ಹೋಗಲಿಲ್ಲ. ಇನ್ನೊಂದು ತಪ್ಪನ್ನೂ ಒಪ್ಪಿಕೊಂಡ. ಇರಾನಿನ ಶಿರಾಜ್ ಪಟ್ಟಣದಲ್ಲಿ ಮಾಸ್ತರ ತಂಗಿ ಮಾಹೀನ್ ಇದ್ದಳು. ಚಿತ್ರಗಳೆಲ್ಲ ಕುರುಗೋಡು ಸೇರಿದ ದಿನ ಅವಳಿಗೆ ಬರೆಯೆಂದು ಮಾಸ್ತರು ಇವನಿಗೆ ಹೇಳಿ ಹೋಗಿದ್ದರು. ಅವರ ಭಾಷೆ ಓದಿ ಬರೆಯಲು ಕಲಿತ ಶಿಷ್ಯ ಇವನೊಬ್ಬನೇ. ಎಲ್ಲ ಸೇರಿದವು ಎಂದು ಸುಳ್ಳು ಬರೆಯಲು ಕೈಬಾರದೆ ಅಷ್ಟು ತಿಂಗಳೂ ಸುಮ್ಮನಿದ್ದ. ಅಣ್ಣ ಸತ್ತ ಸುದ್ದಿಯೂ ಅವಳಿಗೆ ಮುಟ್ಟಿರಲಿಲ್ಲ.

ಅಸಲು ಚಿತ್ರ ಗೋಡೆಗೇರಿದ ದಿನ ಅವನು ಅದರ ಕೆಳಗೇ ಕೂತು ಬರೆದ. ಮುಗಿಸಿ ನಮಗೆ ಕನ್ನಡದಲ್ಲಿ ಓದಿ ಹೇಳಿದ.

"ನನ್ನ ಹೆಸರು ಹಾಕೀಯೇನು?" ಎಂದಳು ಪಕ್ಕೀರಮ್ಮ.

"ಹಾಕೀನಿ. ಕೊನೀತನಕ ನಿಮ್ಮಣ್ಣನ್ನ, ಅವರ ಚಿತ್ರಗಳನ್ನ ಕಾದಾಕಿ ಅಂತ ಬರದೀನಿ."

ಬಳ್ಳಾರಿಗೆ ಬಂದು ಅಂಚೆ ಕಚೇರಿಗೆ ಹೋದೆವು. ಇರಾನಿಗೆ ಎಷ್ಟು ಸ್ಟ್ಯಾಂಪು ಬೇಕೆಂದು ಗುಮಾಸ್ತ ಒಳಗೆ ಹೋಗಿ ಕೇಳಿಕೊಂಡು ಬಂದ. ಪಕ್ಕೀರಮ್ಮ ತಾನೇ ಹಾಕುತ್ತೇನೆಂದು ಲಕೋಟೆ ಇಸಿದುಕೊಂಡಳು. ಅದು ಒಳಗೆ ಬಿದ್ದ ಸದ್ದು ಕೇಳಿದ ಮೇಲೂ ಅವಳು ಅಂಚೆ ಡಬ್ಬಿಯ ಬಾಯಿಂದ ಕೈ ತೆಗೆಯಲಿಲ್ಲ.