ಸುಳ್ಳು ಸಂಕೇತದ ಕಾವಲುಗಾರ

"ದಾರಿ ಬಿಡೇ…"

"ಬಿಡಲ್ಲ! ನನ್ನ ಕಂಡ್ರೆ ಹಾವು ಕಂಡೋರ ಥರ ಓಡ್ತೀಯಲ್ಲ, ಯಾಕೆ?"

ವೀಕ್ಷಣಾಲಯದ ಮೆಟ್ಟಿಲ ಮೇಲೆ ಅವಳು ಅಡ್ಡ ನಿಂತಿದ್ದಳು. ಅವನು ಗೋಡೆ ನೋಡಿದ, ಕೈಯಲ್ಲಿದ್ದ ಚಹಾ ನೋಡಿದ, ಅವಳ ಮುಖ ಮಾತ್ರ ನೋಡಲಿಲ್ಲ.

"ಸಭೆಗೆ ಹೊತ್ತಾಯ್ತು" ಎಂದು ಪಕ್ಕದಿಂದ ನುಸುಳಿ ಹೋದ.

ಅವಳ ಕಣ್ಣು ತುಂಬಿ ಬಂತು. ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದವರು! ಈಗ…

ತಂಡದಲ್ಲೊಂದು ಕಟ್ಟುಪಾಡಿತ್ತು. ವಿಜ್ಞಾನಿಗಳು ಮೋಸ ಹೋಗುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಒಬ್ಬರು ಗುಟ್ಟಾಗಿ ದತ್ತಾಂಶಕ್ಕೆ ಸುಳ್ಳು ಸಂಕೇತ ಬೆರೆಸಬಹುದು, ಬೆರೆಸದೆಯೂ ಇರಬಹುದು. ಕೊನೆಯ ಸಭೆಯವರೆಗೆ ಅವರು ಬಾಯಿ ಬಿಡುವಂತಿಲ್ಲ. ಈ ಸಲ ಆ ಕೆಲಸ ಅವನದು.

ಈ ಸಲದ ದತ್ತಾಂಶದಲ್ಲಿ ಅವಳ ಕಣ್ಣಿಗೆ ಬಿದ್ದಿದ್ದೋ, ಎದೆ ನಡುಗಿಸುವಂಥದ್ದು. ದೂರದ ಗ್ಯಾಲಕ್ಸಿಯೊಂದರ ನಡುವೆ ಎರಡು ದೈತ್ಯ ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಾ, ಲೆಕ್ಕಕ್ಕಿಂತ ಬೇಗ ಹತ್ತಿರವಾಗುತ್ತಿದ್ದವು. ಅವುಗಳಿಂದ ಬಂದ ಗುರುತ್ವದ ಅಲೆಗಳೇ ಅದಕ್ಕೆ ಸಾಕ್ಷಿ. ಕೆಸರು ನಡೆಯುವವನನ್ನು ದಣಿಸುವ ಹಾಗೆ, ಸುತ್ತಲಿನದೇನೋ ಅವುಗಳ ಶಕ್ತಿ ಹೀರುತ್ತಿತ್ತು. ಬೆಳಕಿಲ್ಲದ, ಯಾರೂ ಕಾಣದ ಡಾರ್ಕ್ ಮ್ಯಾಟರ್!

ನಿಜವೇ? ಇಲ್ಲಾ ಅವನೇ ಬೆರೆಸಿದ್ದೇ? ತಪ್ಪು ಮಾಡಿದವನು ತಾನೇ ಮುಖ ತಪ್ಪಿಸುವುದು… 'ನನ್ನನ್ನೇ ಆಟ ಆಡಿಸಿಬಿಟ್ಟನಲ್ಲ!'

ಸಭೆಯಲ್ಲಿ ತಂಡದ ಹಿರಿಯ ಮೇಡಂ ಕೇಳಿದರು. "ಹೇಳಪ್ಪಾ, ಏನು ಬೆರೆಸಿದ್ದೆ?"

ಅವಳು ಮೇಜಿನ ಅಂಚು ಬಿಗಿಯಾಗಿ ಹಿಡಿದಳು.

"ಏನೂ ಇಲ್ಲ ಮೇಡಂ. ಅವಳು ಕಂಡಿದ್ದರಲ್ಲಿ ನನ್ನ ಕೈಯಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪರದೆಯ ಮೇಲಿದ್ದ ಆ ಅಲೆಗಳ ಗೆರೆಯನ್ನು ಎಲ್ಲರೂ ಹೊಸದಾಗಿ ನೋಡತೊಡಗಿದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದೊಂದಕ್ಕೇ ಕಾದಿದ್ದೆ ಕಣೇ, ಜೀವಮಾನವೆಲ್ಲಾ…"

ಅವಳ ಮೈ ಜುಮ್ಮೆಂದಿತು. ಯಾರ ಕಣ್ಣಿಗೂ ಬೀಳದೆ ಜಗತ್ತನ್ನೆಲ್ಲ ತುಂಬಿಕೊಂಡದ್ದು, ಇವತ್ತು ತನಗೆ ಕಂಡಿತ್ತು!

ಎಲ್ಲರೂ ಹೋದ ಮೇಲೆ ಅವನೊಬ್ಬ ಉಳಿದ.

"ಸುಳ್ಳೇ ಇರ್ಲಿಲ್ಲ ಅಂದ್ಮೇಲೆ ಯಾಕೋ ಓಡ್ತಿದ್ದೆ?"

"ನಿನ್ನ ಮುಖ ನೋಡಿದ್ರೆ ನಗು ಬಂದ್ಬಿಡೋದು… ನಿಜ ಅಂತ ನಿಂಗೆ ಗೊತ್ತಾಗೋದು. ನನ್ನ ಹೊಟ್ಟೇಲಿ ಏನೂ ನಿಲ್ಲಲ್ಲ ಅಂತ ನೀನೇ ಬೈತೀಯಲ್ಲ?"

"ಇನ್ನೇನು ಬಚ್ಚಿಟ್ಟಿದ್ದೀಯ?"

ಅವನು ಕೊನೆಗೂ ತಲೆ ಎತ್ತಿದ. "ನೀನಂದ್ರೆ ಪ್ರಾಣ ಕಣೇ. ಇದನ್ನ ಹೇಳ್ಬಾರ್ದು ಅಂತ ಯಾವ ನಿಯಮಾನೂ ಇರ್ಲಿಲ್ಲ… ಧೈರ್ಯ ಇರ್ಲಿಲ್ಲ ಅಷ್ಟೇ."

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಬೆರೆಸಿಲ್ಲ ಅಂತ ಇಡೀ ಭೂಮಿ ಮೇಲೆ ಗೊತ್ತಿದ್ದೋನು ನೀನೊಬ್ನೇ. ಅಷ್ಟು ದೊಡ್ಡದನ್ನ ಹೇಗೋ ತಡ್ಕೊಂಡೆ?"

"ಎಲ್ಲಿ ತಡ್ಕೊಂಡೆ? ದಿನಾ ಮನೆಗೆ ಹೋಗಿ ಅಳ್ತಿದ್ದೆ."

ಅವಳು ಅವನ ಕೈ ಹಿಡಿದಳು.

"ಇನ್ಮೇಲೆ ಒಬ್ಬನೇ ಅಳ್ಬೇಡ."