ಮರದ ಸೊಂಟದ ಪಟ್ಟಿ

ತುಂಬಾ ತುಂಬಾ ಹಿಂದೆ, ಒಂದು ಮರದ ನೆರಳೇ ಒಂದು ರಾಜ್ಯ ಆಗಿತ್ತು. ಸಂಜೆ ನೆರಳು ಉದ್ದ ಆದಾಗ ರಾಜ್ಯ ದೊಡ್ಡದಾಗ್ತಿತ್ತು, ಮಧ್ಯಾಹ್ನ ಅಂಗಳದಷ್ಟಾಗ್ತಿತ್ತು. ಅಲ್ಲಿನ ರಾಜನಿಗೆ ಸಂಪಿ ಅಂತ ಮಗಳು, ಚೆನ್ನಿಗ ಅಂತ ಪುಟ್ಟ ಮಗ. ಚೆನ್ನಿಗ ಹುಟ್ಟಿದ ದಿನ ಅವನ ಉಸಿರನ್ನ ಆ ಮರದೊಳಗೆ ಬಚ್ಚಿಟ್ಟಿದ್ರು, ಯಾರೂ ಕದೀಬಾರ್ದು ಅಂತ.

ಒಂದಿನ ಕರಡೇಶ ಅನ್ನೋ ಮಾಂತ್ರಿಕ ಬಂದ.

"ಮಹಾರಾಜ, ಈ ಮರದ ಸುತ್ತ ಒಂದು ಗೇಣು ತೊಗಟೆ ಕೊಡ್ತೀರಾ?"

"ಬರೀ ಸಿಪ್ಪೆ ತಾನೇ? ತಗೊಳ್ಳಯ್ಯ" ಅಂದ ರಾಜ.

ಕರಡೇಶ ತೊಗಟೆ ಸುಲಿದು ಸೊಂಟಕ್ಕೆ ಕಟ್ಕೊಂಡ. ಇಂಥಾ ಪಟ್ಟಿ ಕಟ್ಕೊಂಡೇ ಅವನು ನೂರಾರು ವರ್ಷ ಮುಪ್ಪು ತಪ್ಪಿಸ್ಕೊಂಡಿದ್ದ; ಇದಿರೋ ತನಕ ಅವನಿಗೆ ಮುಪ್ಪಿಲ್ಲ.

ಎಲೆಗಳು ತುಂಬಾ ದಿನ ಹಸಿರಾಗೇ ಇದ್ವು. ಆಮೇಲೆ ಬಾಡಿದ್ವು. ಚೆನ್ನಿಗ ಕಣ್ಣು ಮುಚ್ಚಿ ಮಲಗಿಬಿಟ್ಟ. ರಾಜ ಮರಕ್ಕೆ ನೂರು ಕೊಡ ನೀರು ಹೊಯ್ಸಿದ. ಏನೂ ಆಗ್ಲಿಲ್ಲ.

ಸಂಪಿ ಬುಡದಲ್ಲಿ ಕೂತು ಅತ್ತಳು. ಆಗ ಒಂದು ಚಿನ್ನದ ಎರೆಹುಳ ತಲೆ ಎತ್ತಿ, "ಒಳಗೆ ಹೋಗಿ ಮರಾನೇ ಕೇಳು" ಅಂತು. ಅವಳ ಕಿರುಬೆರಳು ಮುಟ್ತು. ಸಂಪಿ ರಾಗಿ ಕಾಳಿಗಿಂತ ಚಿಕ್ಕವಳಾದ್ಲು.

ಬೇರಿನ ರೋಮಗಳು ದಾರಿ ತಡೆದ್ವು. "ನೀರಲ್ಲಿ ಕರಗಿದ್ದಷ್ಟೇ ಇಲ್ಲಿ ಒಳಗೆ ಬರೋದು."

ಸಂಪಿ ಹೆದರಿಕೊಂಡೇ ಕರಗಿದ್ಲು. ಒಳಗೆ ಬೇರು ಗೊಣಗ್ತಿತ್ತು. "ನಿಮ್ಮಪ್ಪ ಹೊಯ್ದ ನೀರಿಗೆ ಹೊಟ್ಟೆ ಉಬ್ಬರ ಕಣೇ! ಹಸಿದೋರಿಗೆ ಯಾರಾದ್ರೂ ನೀರು ಕೊಡ್ತಾರಾ? ಮೇಲಿಂದ ಊಟಾನೇ ಬರ್ತಿಲ್ಲ."

ಆಮೇಲೆ ಮರದ ನಡುವಿನ ಕೊಳವೆಗಳು ಸಿಕ್ಕಿದ್ವು. ಉದ್ದಕ್ಕೆ, ಟೊಳ್ಳಾಗಿ, ಮೌನವಾಗಿ. "ನಾವು ಎಂದೋ ಸತ್ತೋರು. ಆದ್ರೂ ನೀರು ಹೊರ್ತೀವಿ" ಅಂದ್ವು. "ಪಕ್ಕದ ಹನಿಯ ಕೈ ಬಿಡ್ಬೇಡ. ಒಬ್ರು ಬಿಟ್ರೆ ಸಾಲೇ ತುಂಡಾಗುತ್ತೆ."

ಸಂಪಿ ಕೈ ಬಿಡ್ಲಿಲ್ಲ. ಹನಿಗಳೆಲ್ಲ ಕೈ ಹಿಡ್ಕೊಂಡು ಬಿಸಿಲಿನ ಕಡೆಗೆ ಹತ್ತಿದ್ವು.

ಎಲೇಲಿ ಸಾವಿರ ಪುಟ್ಟ ಬಾಯಿಗಳು ತೆರ್ಕೊಂಡಿದ್ವು. ಜೊತೆಗಿದ್ದ ಹನಿಗಳೆಲ್ಲ ಆವಿಯಾಗಿ ಹಾರಿಹೋದ್ವು. ಹಾರೋಕೆ ಅವಳಿಗೂ ಆಸೆ ಆಯ್ತು. ಚೆನ್ನಿಗನ್ನ ನೆನೆಸ್ಕೊಂಡು ಎಲೆಯ ಒಂದು ನರ ಗಟ್ಟಿಯಾಗಿ ಹಿಡಿದ್ಲು.

ಬಿಸಿಲಲ್ಲಿ ಅಡುಗೆ ಮಾಡ್ತಿದ್ದ ಹಸಿರು ಬಾಣಸಿಗರು ಬೇಜಾರಲ್ಲಿದ್ರು. "ದಿನಾ ಸಿಹಿ ಮಾಡಿ ಬೇರಿಗೆ ಕಳಿಸ್ತೀವಮ್ಮ. ತಲುಪ್ತಿಲ್ವಾ?"

"ಯಾವ ದಾರೀಲಿ ಕಳಿಸ್ತೀರಿ?"

"ತೊಗಟೆ ಒಳಗಿನ ದಾರೀಲಿ!"

ಸಂಪಿ ಸಿಹಿಯ ಜೊತೆ ಕೆಳಗೆ ಜಾರಿದ್ಲು. ಕರಡೇಶ ತೊಗಟೆ ಸುಲಿದ ಜಾಗದಲ್ಲಿ, ಅರ್ಧಕ್ಕೇ ದಾರಿ ಮುಗಿದಿತ್ತು. ಸಿಹಿಯೆಲ್ಲ ಅಲ್ಲೇ ತುಂಬಿ, ಮರ ಊದ್ಕೊಂಡಿತ್ತು. ಗಾಯದ ಅಂಚಿನ ಒಂದು ತೆಳ್ಳನೆ ಎಳೆ ಪದರ ಪಿಸುಗುಟ್ತು. "ಬೆಳೆಯೋಳು ನಾನೇ. ನನ್ನಂಥದ್ದೇ ಎಳೆ ಪದರ ಹಸಿ ಕಡ್ಡೀಲೂ ಇರುತ್ತೆ, ತಂದು ಮುಟ್ಸು, ಬೆಸೆದ್ಕೊಳ್ತೀನಿ."

ಅಂಟಂಟಾಗಿ ಹೊರಗೆ ಬಿದ್ದ ಸಂಪಿ ಮೊದಲಿನಷ್ಟೇ ಎತ್ತರ ಆದ್ಲು. ಅದೇ ಮರದ ಹಸಿ ಕಡ್ಡಿಗಳನ್ನ ಕೊಯ್ದು, ಗಾಯದ ಮೇಲಂಚಿಗೂ ಕೆಳಗಂಚಿಗೂ ಸೇತುವೆ ಹಾಗೆ ಸಿಕ್ಕಿಸಿದ್ಲು, ಎಳೆ ಪದರಕ್ಕೆ ಎಳೆ ಪದರ ತಾಗೋ ಹಾಗೆ. ತನ್ನ ಜಡೆ ಟೇಪು ಬಿಚ್ಚಿ ಬಿಗಿಯಾಗಿ ಕಟ್ಟಿ, ಮಣ್ಣು ಮೆತ್ತಿದ್ಲು.

"ಕಡ್ಡಿ ಆಟಾನಾ, ಪುಟ್ಟಿ?" ಅಂತ ಕರಡೇಶ ನಕ್ಕ.

ಸಂಪಿ ಇನ್ನೊಂದು ಗಂಟು ಹಾಕಿದ್ಲು.

ಮೂರು ಹುಣ್ಣಿಮೆ ಕಳೀತು. ಒಂದು ಬೆಳಗ್ಗೆ ಕಡ್ಡಿಗಳು ಬೆಸೆದ್ಕೊಂಡ್ವು. ಸಿಹಿ ಸೇತುವೆ ದಾಟಿ ಬೇರಿಗೆ ಇಳೀತು. ಕರಡೇಶನ ಸೊಂಟದ ಪಟ್ಟಿ ಚಟ್ ಅಂತ ಸೀಳಿಹೋಯ್ತು. ತಪ್ಪಿಸ್ಕೊಂಡಿದ್ದ ವಯಸ್ಸೆಲ್ಲ ಒಟ್ಟಿಗೇ ಬಂದು, ಅವನು ಹಿಡಿ ಧೂಳಾಗಿ ಗಾಳೀಲಿ ಹೋದ.

ಚೆನ್ನಿಗ ಕಣ್ಣು ಬಿಟ್ಟ. "ಅಕ್ಕಾ, ಹೊಟ್ಟೆ ಹಸೀತಿದೆ."

ಎಲ್ರೂ ನಕ್ರು. ರಾಜ ಮಾತ್ರ ಮರಕ್ಕೆ ಕೈ ಮುಗಿದು ಅತ್ತ. ಆ ಕಡ್ಡಿಗಳು ಈಗ ತೋಳಿನಷ್ಟು ದಪ್ಪ ಆಗಿವೆ. ಸಂಜೆ ಹೊತ್ತು ಆ ರಾಜ್ಯ ಇನ್ನೂ ದೂರ ದೂರ ಚಾಚ್ಕೊಳ್ಳುತ್ತೆ, ಅದರೊಳಗೆ ಎಲ್ರೂ ತಂಪಾಗಿದಾರೆ.