ರೇಡಿಯೋದಾಗಿನ ಪಟಪಟ

ಇದನ್ನ ಹೇಳಿದ್ರ ಮಂದಿ ನಗತಾರ, ನಗಲಿ. ಮಾನ್ವಿಯಾಗ ಶರಣಮ್ಮನವರ ಮನ್ಯಾಗ ಒಂದು ಖೋಲಿ ಬಾಡಿಗಿ ಹಿಡದು ವಾರ ಆಗಿತ್ತು. ಅವರು ಐದು ಮಂದಿ, ನಾನೊಬ್ಬ. ನಾನ ಕೂತು ಜೋಡಿಸಿದ ರೇಡಿಯೋದಾಗ ದಿನಾ ಮುಂಜಾನಿ ಹತ್ತಕ್ಕ ಹಾಡು ಮುಸುಕಾಗಿ ಪಟಪಟ ಸದ್ದು ಏಳತಿತ್ತು. ಚೂರು ತಡದು ಮತ್ತ ಪಟಪಟ, ಥೇಟ್ ರೊಟ್ಟಿ ಬಡದಂಗ. ಆರು ಸಲ ಆದಮ್ಯಾಲ ತಾನ ನಿಲ್ಲತಿತ್ತು.

ಕರೆಂಟಿನ ಅಡಚಣಿ ಇರಬೇಕಂತ ಚಾರ್ಜರ್ ಕಿತ್ತೆ, ಬಲ್ಬ್ ಆರಿಸಿದೆ. ಕಡೀಕ ಶರಣಮ್ಮನವರನ್ನ ಕೇಳಿ ಮೇನ್ ಸ್ವಿಚ್ಚೂ ಇಳಿಸಿದೆ. ಬ್ಯಾಟರಿ ಮ್ಯಾಲ ಸದ್ದು ಇನ್ನಾ ಸಾಫ್ ಕೇಳಿತು. ರೇಡಿಯೋ ಎದಿಗವಚಿಕೊಂಡು, ಸದ್ದು ಜೋರಾದ ಕಡೆ ನಡಕೋತ ಹೋದೆ. ಹಿತ್ತಲದಾಗ, ಯಾರೂ ಬಳಸದ ಹಳೇ ಅಡಗಿಮನಿ. ಬಿಸಲಕೋಲಿನ್ಯಾಗ ಧೂಳು ಮೆಲ್ಲಕ ತೇಲತಿತ್ತು. ಒಲಿ ತಣ್ಣಗಿತ್ತು, ರೊಟ್ಟಿ ಬೇಯಿಸೋ ಹಂಚಿನ ಮ್ಯಾಲ ಜೇಡರ ಬಲಿ. ಆದ್ರ ಆಗಷ್ಟ ನಾದಿದ ಜ್ವಾಳದ ಹಿಟ್ಟಿನ ವಾಸನಿ. ನಿದ್ದಿಗಣ್ಣಾಗ ಇದ್ದಂಗ ಅಲ್ಲೇ ನಿಂತುಬಿಟ್ಟೆ.

ಸದ್ದು ಮುಗದು ಹೊಳ್ಳಿ ನೋಡಿದ್ರ, ಬಾಗಲದಾಗ ಶರಣಮ್ಮನವರು.

"ಆರು ಆದ್ವಲ್ರಿ?" ಅಂದ್ರು.

"ಹೌದ್ರಿ ಯವ್ವಾ. ದಿನಾ ಆರ."

"ನೀವು ಬರೂಕಿಂತ ಮದಲ ಐದ ಇದ್ವು," ಅಂದು ಒಳಗ ಹೋದ್ರು.

ನಾ ಬರೋತನಕ ಆ ಮನ್ಯಾಗ ರೇಡಿಯೋ ಅನ್ನೋದ ಇರಲಿಲ್ಲ.